ಎತ್ತು ಕಟ್ಟುವ ಜಾಗ, ಕಾರು ನಿಲ್ಲಿಸುವ ಜಾಗ

ಹಳಗನ್ನಡದಲ್ಲಿ ತುರು ಎಂದರೆ ದನ. ತುರುಗಾಹಿ ದನ ಕಾಯುವವನು, ತುರುಪಟ್ಟಿ ದನ ಕೂಡುವ ಹಟ್ಟಿ, ತುರುಗೋಳ್ ದನಗಳ ಕೊಳ್ಳೆ. ನಮ್ಮ ನಾಡಿನ ಎಷ್ಟೋ ವೀರಗಲ್ಲುಗಳು ತುರುಗೋಳಿನಲ್ಲಿ ಕಾದಾಡಿ ಸತ್ತವರ ನೆನಪಿಗೆ ನಿಂತವು. ಚಿತ್ರದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರ ತುರುವನೂರಿನ ಹೆಸರು ಕಿವಿಗೆ ಬಿದ್ದಾಗಲೆಲ್ಲ ನನಗೆ ಈ ಹಳೆಯ ಪದವೇ ಮೊದಲು ಕೇಳಿಸುತ್ತದೆ.

ಚರಿತ್ರೆ ಓದುವವರಿಗೆ ತುರುವನೂರು ಗೊತ್ತಿರುವುದು ಬೇರೆ ಕಾರಣಕ್ಕೆ. 1939ರಲ್ಲಿ ಇಲ್ಲಿ ಅರಣ್ಯ ಸತ್ಯಾಗ್ರಹ ನಡೆಯಿತು. ಹೆಂಡದ ವರಮಾನ ತರುತ್ತಿದ್ದ ಈಚಲ ಮರಗಳನ್ನು ಕಡಿದು ಜನ ಜೈಲಿಗೆ ಹೋದರು. ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರು ಆ ಹೋರಾಟದಲ್ಲಿ ಸೆರೆಮನೆ ಕಂಡವರು. ಪಾನನಿರೋಧ, ಸ್ವಾತಂತ್ರ್ಯ ಎಂಬ ದೊಡ್ಡ ಮಾತುಗಳ ಕೆಳಗೆ ಆ ಸತ್ಯಾಗ್ರಹದಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತೆಂದು ನನಗನ್ನಿಸುತ್ತದೆ. ಯಾರ ಮನೆಯದೂ ಅಲ್ಲದ ಜಾಗದಲ್ಲಿ ಏನಿರಬೇಕು, ಏನಿರಬಾರದು ಎಂದು ಹೇಳುವವರು ಯಾರು?

ಅದೇ ಪ್ರಶ್ನೆ ಇವತ್ತು ಬಹಳ ಸಣ್ಣ ರೂಪದಲ್ಲಿ, ದಿನಾ ಸಂಜೆ, ನಮ್ಮ ಬೀದಿಗಳಲ್ಲಿ ಏಳುತ್ತಿದೆ. ಚಿತ್ರದುರ್ಗ ನಗರದಿಂದ ತುರುವನೂರಿನ ಕಡೆ ಹೊರಡುವ ರಸ್ತೆಗೆ ನಗರದೊಳಗೆ ತುರುವನೂರು ರಸ್ತೆ ಎಂದೇ ಹೆಸರು. ನಗರದ ಅಂಚಿನ ಯಾವುದೇ ಹೊಸ ಬಡಾವಣೆಗೆ ರಾತ್ರಿ ಎಂಟರ ನಂತರ ಹೋಗಿ ನೋಡಿ. ಚರಂಡಿಯ ಎರಡೂ ದಂಡೆಗೆ ಕವರ್ ಹೊದ್ದ ಕಾರುಗಳು ಮಲಗಿರುತ್ತವೆ. ಕಾರಿಲ್ಲದ ಮನೆಯ ಮುಂದೆ ಎರಡು ಸೈಜುಗಲ್ಲು, ಒಂದು ಹಳೆ ಟೈರು, ಇಲ್ಲವೇ ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ. ಗೇಟಿನ ಮೇಲೆ ‘ವಾಹನ ನಿಲ್ಲಿಸಬೇಡಿ’ ಎಂಬ ಬೋರ್ಡು. ಮನೆ ಕಟ್ಟಿ ಮೂರು ವರ್ಷವಾಗಿಲ್ಲ, ಅಕ್ಕಪಕ್ಕದವರು ಮಾತು ಬಿಟ್ಟಿರುತ್ತಾರೆ. ಕಾರಣ ಕೇಳಿದರೆ ಅರ್ಧ ಅಡಿ ಜಾಗ.

ಇದಕ್ಕೆ ಎಲ್ಲರೂ ಕೊಡುವ ಉತ್ತರ ‘ಕಾರು ಜಾಸ್ತಿ ಆದವು’ ಎಂಬುದು. ಅದು ಅರ್ಧ ಉತ್ತರ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಕಾರು, ಜೀಪು ಅಥವಾ ವ್ಯಾನು ಇದ್ದ ಮನೆಗಳು ನೂರಕ್ಕೆ 4.7 ಮಾತ್ರ, ದ್ವಿಚಕ್ರ ವಾಹನ ಇದ್ದವು 21. ಆಮೇಲೆ ಸಂಖ್ಯೆ ಏರಿದೆ, ನಿಜ. ಆದರೆ ಒಂದು ಕಾಲಕ್ಕೆ ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಬೇಸಾಯದ ಮನೆ ಎಂದರೆ ಒಂದು ಜೊತೆ ಎತ್ತು, ಒಂದೆರಡು ಹಸು, ಉಳ್ಳವರಿಗೆ ಒಂದು ಗಾಡಿ. ಮೂಕಿಯೂ ಸೇರಿದರೆ ಎತ್ತಿನ ಗಾಡಿ ಉದ್ದದಲ್ಲಿ ಸಣ್ಣ ಕಾರಿಗೇನೂ ಕಡಿಮೆಯಲ್ಲ. ಎತ್ತುಗಳಿಗೆ ಜಾಗ, ಮೇವಿಗೆ ಜಾಗ, ಸಗಣಿಗೆ ಜಾಗ ಬೇರೆ ಬೇಕು. ಅಷ್ಟನ್ನೆಲ್ಲ ನಿಲ್ಲಿಸಿಕೊಂಡ ಊರುಗಳು ಈಗ ಒಂದು ಕಾರು ನಿಲ್ಲಿಸಲಾರದೆ ಹೋದದ್ದು ಹೇಗೆ? ಈ ಪ್ರಶ್ನೆ ಹಿಡಿದು ಹಿಂದಕ್ಕೆ ಹೋದರೆ ಮನೆಯನ್ನು ನಾವು ಅಳೆಯುವ ಕ್ರಮವೇ ಬದಲಾದದ್ದು ಕಾಣುತ್ತದೆ.

ಚಿತ್ರದುರ್ಗ ಸೀಮೆಯ ಹಳೆ ಮನೆಗಳನ್ನು ಅಳೆಯುತ್ತಿದ್ದುದು ಅಂಕಣದಲ್ಲಿ. ಕಂಬದಿಂದ ಕಂಬಕ್ಕೆ, ತೊಲೆಯಿಂದ ತೊಲೆಗೆ ಇರುವ ಒಂದು ಖಾನೆ ಒಂದು ಅಂಕಣ. ‘ಅವರದು ಹತ್ತಂಕಣದ ಮನೆ’ ಎಂದರೆ ಕೇಳಿದವರಿಗೆ ಆ ಮನೆಯ ಗಾತ್ರ, ಸ್ಥಿತಿ ಎರಡೂ ತಿಳಿಯುತ್ತಿತ್ತು. ಮಣ್ಣಿನ ಗೋಡೆ, ಮೇಲೆ ಕರಲುಮಣ್ಣು ಹೊದಿಸಿದ ಚಪ್ಪಟೆ ಮಾಳಿಗೆ. ತಲೆಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ದನಗಳು. ಮುಂದಿನ ಅಂಕಣಗಳಲ್ಲಿ ಅವುಗಳ ವಾಸ, ಗೋಡೆಗೆ ಆತುಕೊಂಡು ಗೋದಲಿ. ಅಲ್ಲಿಂದ ಒಂದೆರಡು ಮೆಟ್ಟಿಲು ಎತ್ತರಕ್ಕೆ ಮನುಷ್ಯರ ಪಡಸಾಲೆ, ಅದರ ಹಿಂದೆ ಅಡುಗೆಮನೆ, ದೇವರ ಮೂಲೆ. ದನದ ಅಂಕಣವೂ ಮನೆಯ ಲೆಕ್ಕದೊಳಗೇ ಇತ್ತು. ಹತ್ತಂಕಣದ ಮನೆಯಲ್ಲಿ ಮೂರೋ ನಾಲ್ಕೋ ಅಂಕಣ ನಾಲ್ಕು ಕಾಲಿನವಕ್ಕೆ ಎಂದು ಯಾರೂ ಅದನ್ನು ಆರಂಕಣದ ಮನೆ ಎನ್ನುತ್ತಿರಲಿಲ್ಲ.

ಗಾಡಿ ಮನೆಯ ಮಗ್ಗುಲಿಗೋ ಹಿತ್ತಿಲಿಗೋ ನಿಲ್ಲುತ್ತಿತ್ತು. ಸುಗ್ಗಿಯಲ್ಲಿ ಅದು ಕಣದಲ್ಲೇ ಇರುತ್ತಿತ್ತು. ಕಣ, ಬಣವೆ, ತಿಪ್ಪೆ ಈ ಮೂರಕ್ಕೂ ಊರಂಚಿನಲ್ಲಿ ಮನೆಮನೆಗೆ ಗೊತ್ತಾದ ತಾವುಗಳಿದ್ದವು. ಕಾಗದಪತ್ರ ಇಲ್ಲದಿದ್ದರೂ ಯಾರ ತಿಪ್ಪೆ ಯಾವುದು ಎಂದು ಊರಿನ ಹುಡುಗರಿಗೂ ಗೊತ್ತಿತ್ತು.

ನಮ್ಮ ಕಡೆಯ ಹಿರಿಯರೊಬ್ಬರ ಹತ್ತಿರ ಒಮ್ಮೆ ಈ ಮಾತು ತೆಗೆದಿದ್ದೆ. ಅವರ ಪ್ರಾಯದ ಕಾಲಕ್ಕೆ ಎತ್ತು ಕೊಳ್ಳುವುದು ಇವತ್ತು ಕಾರು ಕೊಳ್ಳುವಷ್ಟೇ ದೊಡ್ಡ ಸಂಗತಿ. “ಎತ್ತು ಕಟ್ಟಾಕೆ ತಾವು ಇಲ್ದೋನು ಎತ್ತು ತರಾಕೆ ಹೋಗ್ತಿರ್ಲಿಲ್ಲ ಕಣಪ್ಪ. ಹೋದ್ರೂ ಮಾರೋರೇ ಕೇಳೋರು, ಎಲ್ಲಿ ಕಟ್ತೀಯಾ, ಏನ್ ಹಾಕ್ತೀಯಾ ಅಂತ” ಎಂದರು. “ಈಗ ಕಾರು ಮಾರೋರು ಕೇಳ್ತಾರೇನಜ್ಜ?” ಎಂದೆ. “ಸಾಲ ಎಲ್ಲಿ ಕಟ್ತೀಯಾ ಅಂತ ಕೇಳ್ತಾರೆ” ಎಂದು ನಕ್ಕರು.

ಹಾಗೆಂದು ಹಳೆಯದೆಲ್ಲ ಚೆನ್ನಾಗಿತ್ತು ಎಂದು ಹೇಳುವುದು ನನ್ನ ಉದ್ದೇಶವಲ್ಲ. ದನದ ಜೊತೆ ಒಂದೇ ಮಾಡಿನ ಕೆಳಗೆ ಮಲಗುವುದರಲ್ಲಿ ನೊಣ, ನಾತ, ರೋಗಗಳಿದ್ದವು. ಅದಕ್ಕಿಂತ ಮುಖ್ಯವಾಗಿ, ಹತ್ತಂಕಣದ ಮನೆ ಊರಿಗೆಲ್ಲ ಇರಲಿಲ್ಲ. ಕೇರಿಯಲ್ಲಿ ಒಂದಂಕಣದ, ಎರಡಂಕಣದ ಗುಡಿಸಲುಗಳೇ ಹೆಚ್ಚು. ಊರಬಾಗಿಲ ಬಯಲು ಎಲ್ಲರದು ಎನ್ನುತ್ತಿದ್ದರೂ ಆ ಬಯಲಿನಲ್ಲಿ ಯಾರು ಕೂರಬಹುದು, ಯಾರು ಗಾಡಿಯ ಮೇಲೆ ಕೂತೇ ಬೀದಿ ದಾಟಬಹುದು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಇವತ್ತು ಕೇರಿಯ ಹುಡುಗನೊಬ್ಬ ತನ್ನ ಕಾರನ್ನು ಊರ ಮುಂದಿನ ಬೀದಿಯಲ್ಲಿ ನಿಲ್ಲಿಸಿದರೆ ಅದು ಬರೀ ಪಾರ್ಕಿಂಗ್ ಅಲ್ಲ, ಅವನ ಅಜ್ಜನಿಗೆ ಸಿಗದಿದ್ದ ಒಂದು ಹಕ್ಕು. ಕಾರು ಬೇಡ ಎಂದು ಉಪದೇಶ ಮಾಡುವವರು ಈ ಸಂಗತಿಯನ್ನು ಮರೆಯಬಾರದು.

ಆದರೂ ಆ ಹಳೆಯ ವ್ಯವಸ್ಥೆಯಲ್ಲಿ ಒಂದು ಲೆಕ್ಕವಿತ್ತು. ಚಲಿಸುವ ಪ್ರತಿಯೊಂದಕ್ಕೂ ನಿಲ್ಲುವ ಜಾಗವನ್ನು ಮೊದಲೇ ಗೊತ್ತುಮಾಡುತ್ತಿದ್ದರು. ಊರಿನ ತೇರನ್ನೇ ನೋಡಿ. ವರ್ಷಕ್ಕೆ ಒಂದೇ ದಿನ ಹೊರಡುವ ವಾಹನ ಅದು. ಉಳಿದ ದಿನವೆಲ್ಲ ಅದಕ್ಕೆ ತೇರುಮನೆ ಇದೆ. ಇಲ್ಲದಿದ್ದರೆ ಗುಡಿಯ ಮುಂದೆ ತಗಡಿನ ಮರೆಯಾದರೂ ಇದೆ. ತೇರು ಹೋಗುವ ಬೀದಿಗೆ ತೇರುಬೀದಿ ಎಂದೇ ಹೆಸರು. ಅದರ ಗಾಲಿಗೆ ಅಡ್ಡವಾಗುವಂತೆ ಯಾರೂ ಜಗುಲಿ ಚಾಚುವಂತಿಲ್ಲ. ನಾಯಕನಹಟ್ಟಿಯ ತಿಪ್ಪೇಸ್ವಾಮಿಯ ತೇರು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಲ್ಲಬಾರದ ಕಡೆ ನಿಂತರೆ ಶಿಕ್ಷೆಯೂ ಇತ್ತು. ಬೇರೆಯವರ ಹೊಲಕ್ಕೆ ನುಗ್ಗಿದ, ಬೀದಿಯಲ್ಲಿ ಬೀಡುಬಿಟ್ಟ ದನವನ್ನು ಊರ ದೊಡ್ಡಿಗೆ ಕೂಡುತ್ತಿದ್ದರು. ಬ್ರಿಟಿಷ್ ಇಂಡಿಯಾದಲ್ಲಿ ಇದಕ್ಕೆ 1871ರ ಕಾಯ್ದೆಯೇ ಬಂತು. ಒಡೆಯ ಬಂದು ದಂಡ ಕಟ್ಟಬೇಕು, ಮೇವಿನ ಖರ್ಚು ಕೊಡಬೇಕು, ಆಮೇಲೆ ದನ ಬಿಡಿಸಿಕೊಳ್ಳಬೇಕು. ನಗರದಲ್ಲಿ ತಪ್ಪು ಜಾಗದಲ್ಲಿ ನಿಂತ ಕಾರನ್ನು ಕೊಂಡಿ ಹಾಕಿ ಎಳೆದೊಯ್ಯುವ ಟೋಯಿಂಗ್ ಗಾಡಿ ಈ ದೊಡ್ಡಿಯದೇ ಸಂತತಿ. ಬೆಂಗಳೂರಿನಲ್ಲಿ ಜನ ರೊಚ್ಚಿಗೆದ್ದ ಮೇಲೆ 2022ರ ಫೆಬ್ರವರಿಯಲ್ಲಿ ಟೋಯಿಂಗನ್ನು ಸರ್ಕಾರ ನಿಲ್ಲಿಸಿತು. ದೊಡ್ಡಿಯ ಕಾಲದಲ್ಲಿ ದನದ ಒಡೆಯನಿಗೆ ಅದನ್ನು ಕಟ್ಟಲು ತನ್ನದೊಂದು ಗೂಟ ಇರುತ್ತಿತ್ತು. ಈಗಿನವನಿಗೆ ಎಷ್ಟೋ ಸಲ ಆ ಗೂಟವೇ ಇಲ್ಲ. ದಂಡ ಅವನಿಗೆ ಅನ್ಯಾಯವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಸರ್ಕಾರವೂ ಒಂದು ಕಾಲಕ್ಕೆ ಈ ಲೆಕ್ಕ ಇಟ್ಟಿತ್ತು. ಚಿತ್ರದುರ್ಗ ಜಿಲ್ಲೆಯ ಅಮೃತಮಹಲ್ ಕಾವಲುಗಳು ಅದರ ದೊಡ್ಡ ಸಾಕ್ಷಿ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎಂಬ ಹೆಸರು ಪಡೆಯಿತು. ಅಲ್ಲಿ ಸಾಕಿದ ಎತ್ತುಗಳು ಸೈನ್ಯದ ತೋಪು, ಸಾಮಾನು ಎಳೆಯುತ್ತಿದ್ದವು. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಅದು ಸೈನ್ಯದ ಸಾರಿಗೆ ಇಲಾಖೆ, ಕಾವಲುಗಳು ಅದರ ಡಿಪೊ. ಬೇಸಿಗೆಗೊಂದು ಕಾವಲು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಮೈಸೂರು ಸಂಸ್ಥಾನ ವಿಂಗಡಿಸಿ ಇಟ್ಟಿತ್ತು. ಅದೇ ಕಾವಲುಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ಸಾವಿರಾರು ಎಕರೆ ನಮ್ಮ ಕಣ್ಣೆದುರೇ, ಈ ಶತಮಾನದಲ್ಲಿ, ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು.

ಊರಿನ ಸಾಮಾನ್ಯ ದನಕ್ಕೂ ಲೆಕ್ಕವಿದೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮ ಹೇಳುವಂತೆ ಪ್ರತಿ ನೂರು ದನಕ್ಕೆ 30 ಎಕರೆ ಗೋಮಾಳ ಬಿಡಬೇಕು. ಭಾಗಿಸಿ ನೋಡಿ, ಒಂದು ದನಕ್ಕೆ 12 ಗುಂಟೆ. ಒಂದು ಗುಂಟೆಗೆ 1089 ಚದರಡಿಯಂತೆ ಅದು 13,068 ಚದರಡಿ. ನಮ್ಮ ಮೂವತ್ತು-ನಲವತ್ತರ ಸೈಟುಗಳಲ್ಲಿ ಹೇಳುವುದಾದರೆ ಸುಮಾರು ಹನ್ನೊಂದು ಸೈಟು. ಮೇಯುವ ದನಕ್ಕೂ ನಿಲ್ಲುವ ಕಾರಿಗೂ ಒಂದೇ ಪ್ರಮಾಣದ ಜಾಗ ಬೇಕಿಲ್ಲ, ಅದು ಗೊತ್ತಿದ್ದದ್ದೇ. ನನ್ನ ಗಮನ ಸೆಳೆದದ್ದು ಆ ನಿಯಮದ ಹಿಂದಿನ ಆಲೋಚನೆ: ಮೊದಲು ಎಣಿಸು, ಎಣಿಸಿದ್ದಕ್ಕೆ ತಕ್ಕ ನೆಲ ಬಿಡು. ಕಾರುಗಳನ್ನೂ ಸರ್ಕಾರ ಒಂದೊಂದಾಗಿ ಎಣಿಸುತ್ತದೆ. ಆರ್‌ಟಿಒ ಕಚೇರಿಯಲ್ಲಿ ಪ್ರತಿಯೊಂದಕ್ಕೂ ನಂಬರು, ಜೀವಿತಾವಧಿ ತೆರಿಗೆ ಇದೆ. ಆದರೆ ಆ ಎಣಿಕೆ ಬಡಾವಣೆಯ ನಕ್ಷೆ ಬರೆಯುವವರ ಮೇಜಿಗೆ ಬರುವುದೇ ಇಲ್ಲ.

ಗೋಮಾಳಗಳ ಕತೆಯೂ ನೆಟ್ಟಗಿಲ್ಲ. ಅವು ಬಗರ್‌ಹುಕುಂ ಸಾಗುವಳಿಗೆ ಹೋದವು, ಆಶ್ರಯ ನಿವೇಶನಗಳಾದವು, ಶಾಲೆ, ಆಸ್ಪತ್ರೆ, ಸ್ಮಶಾನಗಳಾದವು. ಭೂಮಿ ಇಲ್ಲದವರಿಗೆ ಭೂಮಿ, ಮನೆ ಇಲ್ಲದವರಿಗೆ ಮನೆ ಸಿಕ್ಕಿದ್ದು ಸಣ್ಣ ಮಾತಲ್ಲ. ಆದರೆ ಊರಿಗೆ ಬಯಲು ಎಂಬುದು ಹೀಗೆ ಒಳಗೊಳಗೇ ಕರಗಿತು.

ಇನ್ನು ಸೈಟಿನ ಕತೆ. ಮೈಸೂರು ಸಂಸ್ಥಾನದಲ್ಲಿ ಅಳೆದು ಬರೆದ ಬಡಾವಣೆಗಳು ಬೆಂಗಳೂರಿನಲ್ಲಿ ಶುರುವಾದವು. 1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗಿನ ಹೊತ್ತಿಗೆ ಬಸವನಗುಡಿ ಮತ್ತು ಮಲ್ಲೇಶ್ವರ. ಗಾಳಿ, ಬೆಳಕು, ಶುಚಿತ್ವ ಆ ಯೋಜನೆಗಳ ಮಂತ್ರ. ಮನೆಗಳ ಹಿಂದೆ ಮಲ ಸಾಗಿಸುವವರಿಗಾಗಿ ಕನ್ಸರ್ವೆನ್ಸಿ ಓಣಿಗಳನ್ನೇ ಬಿಟ್ಟಿದ್ದರು. ಆ ಓಣಿಗಳಲ್ಲಿ ಯಾರು ದುಡಿಯಬೇಕಿತ್ತು ಎಂಬುದು ಬೇರೆಯೇ ನೋವಿನ ಚರಿತ್ರೆ. 1945ರಲ್ಲಿ ನಗರ ಸುಧಾರಣಾ ಮಂಡಳಿ, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದವು. 1987ರ ಕಾಯ್ದೆಯಿಂದ ಬೇರೆ ಊರುಗಳಿಗೂ ನಗರಾಭಿವೃದ್ಧಿ ಪ್ರಾಧಿಕಾರಗಳಾದವು, ಚಿತ್ರದುರ್ಗಕ್ಕೂ ಒಂದು ಬಂತು. ಈ ದಾರಿಯಲ್ಲಿ 30 ಅಡಿಗೆ 40 ಅಡಿಯ ಸೈಟು ಕನ್ನಡದ ಮಧ್ಯಮವರ್ಗದ ಕನಸಿನ ಅಳತೆಯಾಯಿತು. ಬಡವರಿಗೆ 20ಕ್ಕೆ 30. ದೇವರಾಜ ಅರಸರ ಕಾಲದ ಜನತಾ ಮನೆಗಳು, 1990ರ ದಶಕದ ಆಶ್ರಯ ಮನೆಗಳು ಈ ಚೌಕಟ್ಟನ್ನು ಹಳ್ಳಿಗಳಿಗೂ ಒಯ್ದವು. ಅಂಕಣ ಹೋಗಿ ‘ಚದರ’ ಬಂತು. ಮೇಸ್ತ್ರಿಗಳ ಲೆಕ್ಕದಲ್ಲಿ ನೂರು ಚದರಡಿಗೆ ಒಂದು ಚದರ. ಮೂವತ್ತು-ನಲವತ್ತರ ಸೈಟು ಹನ್ನೆರಡು ಚದರ.

ಅಂಕಣದ ಲೆಕ್ಕದಲ್ಲಿ ದನಕ್ಕೆ ಪಾಲಿತ್ತು. ಚದರದ ಲೆಕ್ಕದಲ್ಲಿ ವಾಹನಕ್ಕೆ ಪಾಲು ಕೊಟ್ಟರೆ ಆಗುವುದೇನು? ಒಂದು ಕಾರನ್ನು ನಿಲ್ಲಿಸಿ, ಬಾಗಿಲು ತೆಗೆದು ಇಳಿಯಲು 18 ಅಡಿಗೆ 8 ಅಡಿಯಾದರೂ ಬೇಕು, ಅಂದರೆ ಸುಮಾರು ಒಂದೂವರೆ ಚದರ. ನಗರಯೋಜಕರು ಒಳಬರುವ, ತಿರುಗುವ ಜಾಗವನ್ನೂ ಸೇರಿಸಿ ತೆರೆದ ಪಾರ್ಕಿಂಗಿಗೆ ಒಂದು ಕಾರಿಗೆ 23 ಚದರ ಮೀಟರ್ ಹಿಡಿಯುವ ರೂಢಿಯಿದೆ. ಅದು ಸುಮಾರು ಎರಡೂವರೆ ಚದರ, ಮೂವತ್ತು-ನಲವತ್ತರ ಸೈಟಿನ ಐದರಲ್ಲಿ ಒಂದು ಪಾಲು. ಚದರಕ್ಕೆ ಇಷ್ಟು ಲಕ್ಷ ಎಂದು ಕಂತು ಕಟ್ಟುತ್ತಿರುವ ಮನುಷ್ಯನಿಗೆ ಆ ಪಾಲು ಒಂದು ಮಲಗುವ ಕೋಣೆ, ಇಲ್ಲವೇ ತಿಂಗಳ ಬಾಡಿಗೆ ತರುವ ಒಂದು ಅಂಗಡಿ. ಕಾರಿಗೋ, ಬೀದಿ ಪುಕ್ಕಟೆ ಇದೆ. ಅವನು ಮಾಡುವುದು ಸ್ವಾರ್ಥದ ಲೆಕ್ಕ ಇರಬಹುದು, ದಡ್ಡ ಲೆಕ್ಕವಂತೂ ಅಲ್ಲ.

ಈ ಸೈಟುಗಳ ಅಳತೆ ಗಟ್ಟಿಯಾದ ಕಾಲಕ್ಕೆ ಕಾರು ಅಪರೂಪದ ವಸ್ತುವಾಗಿತ್ತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳು ಡಾಕ್ಟರು, ವಕೀಲರು, ಮಂಡಿ ಸಾಹುಕಾರರ ಮನೆ ಮುಂದೆ ನಿಲ್ಲುತ್ತಿದ್ದವು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಉದ್ದ ಮೂರೂ ಕಾಲು ಮೀಟರಿನಷ್ಟು. 2006ರ ಕೇಂದ್ರ ಬಜೆಟ್ಟು 4 ಮೀಟರಿಗಿಂತ ಉದ್ದವಿಲ್ಲದ ಸಣ್ಣ ಎಂಜಿನಿನ ಕಾರುಗಳ ಅಬಕಾರಿ ಸುಂಕ ಇಳಿಸಿತು. ಕಂಪನಿಗಳು ಡಿಕ್ಕಿ ಕತ್ತರಿಸಿ ನಾಲ್ಕು ಮೀಟರಿನೊಳಗೆ ಕಾರು ಕೂರಿಸತೊಡಗಿದವು. ಕಾರಿನ ಉದ್ದವನ್ನು ಸೆಂಟಿಮೀಟರು ಲೆಕ್ಕದಲ್ಲಿ ಅಳೆದ ಸರ್ಕಾರ ಅದು ರಾತ್ರಿ ಎಲ್ಲಿ ಮಲಗುತ್ತದೆ ಎಂದು ಅಳೆಯಲಿಲ್ಲ. ನಮ್ಮ ಹಳ್ಳಿಗಳಲ್ಲಂತೂ ಕಾರಿಗಿಂತ ಮೊದಲು ಟ್ರ್ಯಾಕ್ಟರು ಮತ್ತು ಅದರ ಟ್ರೈಲರು ಬಂದವು, 2005ರ ನಂತರ ಟಾಟಾ ಏಸ್‌ನಂಥ ಪುಟ್ಟ ಲಗೇಜು ಗಾಡಿಗಳು ಬಂದವು. ಈರುಳ್ಳಿ, ಮೆಕ್ಕೆಜೋಳ, ಶೇಂಗಾ ಸಾಗಿಸುವ ಗಾಡಿಗಳು ಇವು. ಮನೆಯ ಅನ್ನ ಇವುಗಳಿಂದ. ಆಶ್ರಯ ಸೈಟಿನ ಇಪ್ಪತ್ತು-ಮೂವತ್ತರಲ್ಲಿ ಟ್ರೈಲರು ಎಲ್ಲಿ ನಿಲ್ಲಬೇಕು?

ಕಾನೂನಿನಲ್ಲಿ ಉತ್ತರ ಇಲ್ಲವೆಂದಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ವಲಯ ನಿಯಮಗಳಿವೆ, ಊರೂರಿಗೆ ಕಟ್ಟಡ ಉಪವಿಧಿಗಳಿವೆ. ಮನೆಯ ವಿಸ್ತೀರ್ಣಕ್ಕೆ ತಕ್ಕಂತೆ ಇಷ್ಟು ಕಾರಿಗೆ ಜಾಗ ತೋರಿಸಬೇಕು ಎಂದು ಅವು ಹೇಳುತ್ತವೆ. ನಕ್ಷೆಯಲ್ಲಿ ತೋರಿಸುತ್ತಾರೆ ಕೂಡ. ನೀಲಿ ಗೆರೆಯ ಒಳಗೆ ‘ಪಾರ್ಕಿಂಗ್’ ಎಂದು ಬರೆದ ನೆಲಮಹಡಿ, ಮನೆ ಏಳುವ ಹೊತ್ತಿಗೆ ಎರಡು ಶಟರು ಎಳೆದುಕೊಂಡು ಕಿರಾಣಿ ಅಂಗಡಿಯೋ ಝೆರಾಕ್ಸ್ ಅಂಗಡಿಯೋ ಆಗಿರುತ್ತದೆ. ಇಂಥ ಉಲ್ಲಂಘನೆಗಳನ್ನು ದಂಡ ಕಟ್ಟಿಸಿಕೊಂಡು ಸರಿಮಾಡುವ ಅಕ್ರಮ–ಸಕ್ರಮ ಯೋಜನೆಯ ಮಾತು ವರ್ಷಗಟ್ಟಲೆ ನಡೆದು, 2017ರಲ್ಲಿ ಸುಪ್ರೀಂ ಕೋರ್ಟಿನ ತಡೆಯಾಜ್ಞೆಗೆ ಸಿಕ್ಕಿತು. ಆದರೆ ಆ ಮಾತು ಜನಕ್ಕೆ ಒಂದು ಪಾಠ ಕಲಿಸಿಬಿಟ್ಟಿತ್ತು: ಮೊದಲು ಕಟ್ಟು, ಆಮೇಲೆ ನೋಡಿಕೊಳ್ಳೋಣ.

ಅಪಾರ್ಟ್‌ಮೆಂಟುಗಳಲ್ಲಿ ಜಗಳ ಇನ್ನೊಂದು ಬಗೆಯದು. ಅಲ್ಲಿ ಕಂಬಗಳ ನಡುವಿನ ಜಾಗವನ್ನೇ ಬಿಲ್ಡರುಗಳು ಬೇರೆ ಬೆಲೆಗೆ ಮಾರತೊಡಗಿದರು. ಮುಂಬೈಯ ಒಂದು ಮೊಕದ್ದಮೆಯಲ್ಲಿ 2010ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಸ್ಟಿಲ್ಟ್ ಪಾರ್ಕಿಂಗನ್ನು ಫ್ಲಾಟಿನಂತೆ ಪ್ರತ್ಯೇಕವಾಗಿ ಮಾರುವಂತಿಲ್ಲ, ಅದು ಎಲ್ಲ ನಿವಾಸಿಗಳ ಸಾಮಾನ್ಯ ಸ್ವತ್ತು ಎಂದಿತು. ಆ ತೀರ್ಪು ಮಹಾರಾಷ್ಟ್ರದ ಕಾಯ್ದೆಯನ್ನು ಆಧರಿಸಿದ್ದು. 2016ರ ರೇರಾ ಕಾಯ್ದೆ ದೇಶಕ್ಕೆಲ್ಲ ಅನ್ವಯವಾಗುವಂತೆ ತೆರೆದ ಪಾರ್ಕಿಂಗ್ ಜಾಗವನ್ನು ಸಾಮಾನ್ಯ ಪ್ರದೇಶದ ಪಟ್ಟಿಗೆ ಸೇರಿಸಿತು. ಅಂದರೆ ಸಾಮಾನ್ಯ ಜಾಗ ಯಾರದು ಎಂಬ ನಮ್ಮ ಹಳೆಯ ಪ್ರಶ್ನೆ ದೆಹಲಿಯ ನ್ಯಾಯಪೀಠದವರೆಗೂ ಹೋಗಿದೆ.

ಇದೆಲ್ಲ ಬರೀ ಅನುಕೂಲದ ಮಾತಾಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಮೂವತ್ತು ಅಡಿ ರಸ್ತೆಯ ಲೆಕ್ಕ ಹಾಕಿ. ಅದು ಸುಮಾರು 9 ಮೀಟರು. ಎರಡೂ ಬದಿ ಚರಂಡಿಗೆ ಒಂದೂವರೆ ಮೀಟರು ಹೋದರೆ ಏಳೂವರೆ. ಎರಡೂ ಬದಿಗೆ ಒಂದೊಂದು ಸಾಲು ಕಾರು ನಿಂತರೆ ಮೂರೂವರೆ ಮೀಟರು ಅವಕ್ಕೆ. ಉಳಿಯುವುದು ನಾಲ್ಕು. ಮನೆ ಮುಂದಿನ ರ‍್ಯಾಂಪುಗಳು ಚರಂಡಿ ದಾಟಿ ರಸ್ತೆಗೆ ಇಳಿದಿರುವುದರಿಂದ ಕಾರುಗಳು ಇನ್ನೂ ಒಂದೆರಡು ಅಡಿ ನಡುವಿಗೆ ಬರುತ್ತವೆ. ಅದರ ಮೇಲೆ ಒಬ್ಬರ ಮನೆ ಕೆಲಸದ ಜಲ್ಲಿ, ಮರಳಿನ ರಾಶಿ. ಎರಡೂವರೆ ಮೀಟರು ಅಗಲದ ಅಗ್ನಿಶಾಮಕ ವಾಹನ ಆ ಮೂಲೆ ತಿರುಗಲಾರದು.

ಇಂಥ ಒಂದು ಬಡಾವಣೆಯಲ್ಲಿ ನನ್ನ ಬಂಧುಗಳ ಮನೆಯಲ್ಲಿ ಉಳಿದಿದ್ದ ರಾತ್ರಿ ಎದುರುಮನೆಯ ಯಜಮಾನರಿಗೆ ಎದೆನೋವು ಬಂತು. 108ಕ್ಕೆ ಫೋನು ಮಾಡಿದ ಸ್ವಲ್ಪ ಹೊತ್ತಿಗೇ ಆಂಬುಲೆನ್ಸ್ ಬಂದು ಅಡ್ಡರಸ್ತೆಯ ಬಾಯಲ್ಲಿ ನಿಂತಿತು, ಒಳಗೆ ಬರಲಾಗಲಿಲ್ಲ. ಯಾರ ಕಾರು ಯಾವುದು ಎಂದು ಗೇಟು ಬಡಿಯುತ್ತ ಕೂರುವಷ್ಟು ಸಮಯ ಇರಲಿಲ್ಲ. ನಾಲ್ಕು ಜನ ಸೇರಿ ಅವರನ್ನು ಕುರ್ಚಿಯಲ್ಲಿ ಕೂರಿಸಿ ಕಾರುಗಳ ಸಂದಿನಲ್ಲಿ ಎತ್ತಿಕೊಂಡು ಹೋದೆವು. ಕುರ್ಚಿಯ ಕಾಲು ಕನ್ನಡಿಗಳಿಗೆ ತಾಗುತ್ತಿತ್ತು. ಒಂದು ಕಾರಿನ ಅಲಾರಾಂ ಹೊಡೆದುಕೊಳ್ಳತೊಡಗಿತು, ಅದರ ಒಡೆಯರು ಮಹಡಿಯಿಂದ ಬಗ್ಗಿ ಬೈದು, ಸಂಗತಿ ತಿಳಿದು ಕೆಳಗೆ ಓಡಿ ಬಂದರು. ಯಜಮಾನರು ಬದುಕಿಕೊಂಡರು. ಮರುದಿನ ಸಂಜೆ ಕಾರುಗಳೆಲ್ಲ ಅಲ್ಲಲ್ಲೇ ನಿಂತಿದ್ದವು. ಬೇರೆ ಎಲ್ಲಿ ನಿಲ್ಲಬೇಕಿತ್ತು ಎಂದು ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೇರೆ ದೇಶಗಳು ಈ ಗಂಟನ್ನು ಎರಡು ಬಗೆಯಲ್ಲಿ ಬಿಚ್ಚಲು ನೋಡಿವೆ. ಅಮೆರಿಕದ್ದು ಒಂದು. ಒಹಾಯೊ ರಾಜ್ಯದ ಕೊಲಂಬಸ್ ನಗರ 1923ರಲ್ಲೇ ಅಪಾರ್ಟ್‌ಮೆಂಟ್ ಕಟ್ಟುವವರು ಪಾರ್ಕಿಂಗ್ ಜಾಗ ಕೊಡಲೇಬೇಕು ಎಂದು ನಿಯಮ ಮಾಡಿತು. ಆ ಪದ್ಧತಿ ದೇಶವೆಲ್ಲ ಹಬ್ಬಿತು. ಅದರ ಫಲವನ್ನು ಡೊನಾಲ್ಡ್ ಶೂಪ್ ಎಂಬ ವಿದ್ವಾಂಸರು 2005ರಲ್ಲಿ ಒಂದು ದಪ್ಪ ಪುಸ್ತಕದಲ್ಲಿ ಬಿಡಿಸಿಟ್ಟರು. ಕಾರು ತನ್ನ ಆಯುಷ್ಯದ ನೂರರಲ್ಲಿ ತೊಂಬತ್ತೈದು ಪಾಲನ್ನು ನಿಂತೇ ಕಳೆಯುತ್ತದೆ, ಪುಕ್ಕಟೆ ಪಾರ್ಕಿಂಗ್ ಎಂಬುದು ಇಲ್ಲವೇ ಇಲ್ಲ, ಅದರ ಬೆಲೆ ಮನೆಯ ಬೆಲೆಯಲ್ಲಿ, ಬಾಡಿಗೆಯಲ್ಲಿ, ದಿನಸಿಯಲ್ಲಿ ಸೇರಿ ಕಾರಿಲ್ಲದವರೂ ಅದನ್ನು ತೆರುತ್ತಾರೆ ಎಂಬುದು ಅವರ ವಾದ. ಈ ಎಚ್ಚರಿಕೆ ನಮಗೆ ಬೇಕು. ಇಪ್ಪತ್ತು-ಮೂವತ್ತರ ಆಶ್ರಯ ಸೈಟಿನವರಿಗೂ ‘ಕಾರಿಗೆ ಜಾಗ ಬಿಟ್ಟು ಕಟ್ಟು’ ಎಂದು ಕಡ್ಡಾಯ ಮಾಡಿದರೆ ಅದು ಅವರ ಒಂದು ಕೋಣೆಯನ್ನು ಕಿತ್ತುಕೊಂಡ ಹಾಗೆ.

ಜಪಾನಿನದು ಇನ್ನೊಂದು ದಾರಿ. ಅಲ್ಲಿ 1962ರಲ್ಲಿ ಕಾರು ನಿಲ್ಲಿಸುವ ಜಾಗದ ಬಗ್ಗೆ ಕಾಯ್ದೆ ಬಂತು. ಕಾರು ನೋಂದಾಯಿಸುವ ಮೊದಲು ಅದನ್ನು ಬೀದಿಯಲ್ಲಲ್ಲದೆ ಬೇರೆಡೆ ಎಲ್ಲಿ ನಿಲ್ಲಿಸುತ್ತೀರಿ ಎಂದು ತೋರಿಸಿ ಪೊಲೀಸರಿಂದ ಪ್ರಮಾಣಪತ್ರ ತರಬೇಕು. ಜಾಗ ಮನೆಯೊಳಗೇ ಇರಬೇಕೆಂದಿಲ್ಲ. ಎರಡು ಕಿಲೋಮೀಟರಿನೊಳಗೆ ಬಾಡಿಗೆಗೆ ಹಿಡಿದದ್ದೂ ಆಗುತ್ತದೆ. ಹೊಣೆ ಮನೆ ಕಟ್ಟುವವನ ಮೇಲಲ್ಲ, ಕಾರು ಕೊಳ್ಳುವವನ ಮೇಲೆ. ಇದನ್ನು ಓದಿದಾಗ ನನಗೆ ನಮ್ಮ ಹಿರಿಯರು ಹೇಳಿದ ಎತ್ತು ಮಾರುವವನ ಮಾತೇ ಕೇಳಿಸಿತು. ‘ಎಲ್ಲಿ ಕಟ್ತೀಯಾ?’ ಎಂಬುದನ್ನು ಟೋಕಿಯೊದಲ್ಲಿ ಕಾನೂನು ಮಾಡಿಟ್ಟಿದ್ದಾರೆ.

ನಮ್ಮಲ್ಲೂ ಈ ದಿಕ್ಕಿನ ಪ್ರಯತ್ನ ನಡೆದಿದೆ. ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿರುವ ಬೆಂಗಳೂರಿಗೆ ‘ಪಾರ್ಕಿಂಗ್ ನೀತಿ 2.0’ ಎಂಬುದೊಂದು ಬಂತು. ಮನೆ ಮುಂದಿನ ರಸ್ತೆಯಲ್ಲಿ ಕಾರು ನಿಲ್ಲಿಸುವವರು ವರ್ಷಕ್ಕೆ ಸಣ್ಣ ಕಾರಿಗೆ 1,000 ರೂಪಾಯಿಯಿಂದ ದೊಡ್ಡ ಕಾರಿಗೆ 5,000ದವರೆಗೆ ಕೊಟ್ಟು ಪರವಾನಗಿ ಪಡೆಯಬೇಕು ಎಂಬುದು ಅದರ ಒಂದು ಅಂಶ. ಊರಿನ ಬಹುಪಾಲು ಬೀದಿಗಳಿಗೆ ಅದು ಇಳಿದು ಬಂದಿಲ್ಲ. ಬೀದಿಗೆ ಬೆಲೆ ಇದೆ ಎಂಬ ಮಾತನ್ನಾದರೂ ಅದು ಬರಹದಲ್ಲಿ ಹೇಳಿತು.

ಬೆಂಗಳೂರಿನ ಚಿಂತೆ ಬೆಂಗಳೂರಿಗೆ ಇರಲಿ. ಅಲ್ಲಿ ಕಾಲ ಮೀರಿದೆ, ರಿಪೇರಿ ಮಾತ್ರ ಸಾಧ್ಯ. ಚಿತ್ರದುರ್ಗ, ತುರುವನೂರುಗಳಂಥ ಊರುಗಳಲ್ಲಿ ನಕ್ಷೆಗಳು ಇನ್ನೂ ಬರೆಯಲ್ಪಡುತ್ತಿವೆ. ಶೇಂಗಾ ಹೊಲ ಅನ್ಯಕ್ರಾಂತವಾಗಿ, ನಾಲ್ಕು ಮೂಲೆಗೆ ಕಲ್ಲು ನೆಟ್ಟು, ಬಣ್ಣದ ಬಾವುಟ ಕಟ್ಟಿದ ದಿನವೇ ಮುಂದಿನ ಐವತ್ತು ವರ್ಷದ ಬೀದಿಜಗಳ ತೀರ್ಮಾನವಾಗಿರುತ್ತದೆ. ಉದ್ಯಾನಕ್ಕೆ, ನಾಗರಿಕ ಸೌಲಭ್ಯಕ್ಕೆ ಇಂತಿಷ್ಟು ಜಾಗ ಬಿಡಬೇಕೆಂದು ಬಡಾವಣೆಗೆ ನಿಯಮವಿದೆ. ಅದರ ಜೊತೆಗೆ ಹಳೆಯ ಊರಿನ ಕಣದಂತೆ ಎಲ್ಲರಿಗೂ ಸೇರಿದ ಒಂದು ನಿಲುಗಡೆ ಬಯಲನ್ನು ಏಕೆ ಬಿಡಬಾರದು? ಪ್ರತಿ ಮನೆಗೂ ಎರಡೂವರೆ ಚದರ ಕೇಳುವುದಕ್ಕಿಂತ ಐವತ್ತು ಮನೆಗೆ ಅರ್ಧ ಎಕರೆ ಹುಡುಕುವುದು ಸುಲಭ. ಅರ್ಧ ಎಕರೆ ಎಂದರೆ ಸುಮಾರು 2,000 ಚದರ ಮೀಟರು; 23ರ ಲೆಕ್ಕದಲ್ಲಿ ಎಂಬತ್ತಕ್ಕೂ ಹೆಚ್ಚು ಕಾರು ನಿಲ್ಲುತ್ತವೆ. ಟ್ರೈಲರೂ ನಿಲ್ಲಬಹುದು, ಸುಗ್ಗಿಯಲ್ಲಿ ಮೆಕ್ಕೆಜೋಳ ಒಣಗಬಹುದು, ಮದುವೆಗೆ ಶಾಮಿಯಾನ ಏಳಬಹುದು. ಅಲ್ಲಿ ಗಾಡಿ ಬಿಡುವವರು ಪಂಚಾಯಿತಿಗೆ ಅಷ್ಟಿಷ್ಟು ಕಟ್ಟಲಿ. ಕಾರಿಲ್ಲದವರ ಮೇಲೆ ಅದರ ಭಾರ ಬೀಳದಿರಲಿ. ಈ ಬಯಲಿಗೆ ಕೇರಿ, ಊರು ಎಂಬ ಎರಡು ಬಾಗಿಲು ಇರದಂತೆ ನೋಡಿಕೊಳ್ಳುವುದು ನಮ್ಮ ಪೀಳಿಗೆಯ ಕೆಲಸ. ಹಳೆಯ ಬಯಲಿಗೆ ಅದೊಂದು ಕಳಂಕ ಅಂಟಿತ್ತು.

ಇದಕ್ಕೆ ದೊಡ್ಡ ಕಾಯ್ದೆ ಬೇಡ, ಬಡಾವಣೆ ಒಪ್ಪಿಗೆಗೆ ಬಂದಾಗ ನಕ್ಷೆಯನ್ನು ಗ್ರಾಮಸಭೆಯ ಮುಂದೆ ಹರಡಿದರೆ ಸಾಕು. ಬಾವಿ ಎಲ್ಲಿ, ಚರಂಡಿ ಎಲ್ಲಿಗೆ ಎಂದು ಕೇಳುವಾಗಲೇ, ಈ ಮನೆಗಳಿಗೆ ಬರುವ ಗಾಡಿಗಳು ರಾತ್ರಿ ಎಲ್ಲಿ ನಿಲ್ಲುತ್ತವೆ, ಆಂಬುಲೆನ್ಸ್ ಯಾವ ಕಡೆಯಿಂದ ಬಂದು ಯಾವ ಕಡೆ ತಿರುಗುತ್ತದೆ ಎಂದು ಒಬ್ಬರು ಎದ್ದು ಕೇಳಬೇಕು. ಯಾರದೂ ಅಲ್ಲದ ಜಾಗದ ಪ್ರಶ್ನೆಗಾಗಿ ಒಮ್ಮೆ ಜೈಲಿಗೆ ಹೋಗಿ ಬಂದ ಊರಿನಲ್ಲಿ ಎದ್ದು ಕೇಳುವವರಿಗೆ ಕೊರತೆಯಿರಲಾರದು.